ಚಿತ್ರವಿಲ್ಲದ ಪ್ರಶ್ನೆ

ಕಣ್ಣು ಕಾಣದ ಹುಡುಗಿಯ ಕಾಲೇಜು ಸೀಟು ಆ ದಿನದ ಇಂಗ್ಲಿಷ್ ಪರೀಕ್ಷೆಯ ಮೇಲೆ ನಿಂತಿತ್ತು. ಕೊನೆಯ ಪ್ರಶ್ನೆ, 'ಚಿತ್ರ ನೋಡಿ ವರ್ಣಿಸಿ.' ಕೆಳಗೆ ಕಾಗದ ನುಣ್ಣಗಿತ್ತು. ಪತ್ರಿಕೆಯನ್ನು ಬ್ರೈಲಿನ ಉಬ್ಬು ಚುಕ್ಕಿಗಳಿಗೆ ಇಳಿಸಿದವರು ಚಿತ್ರವನ್ನೇ ಬಿಟ್ಟಿದ್ದರು.

"ಮೇಡಂ, ಇಲ್ಲಿ ಚಿತ್ರಾನೇ ಇಲ್ಲ! ಗಾಳೀನ ವರ್ಣಿಸ್ಲಾ?"

ಕೊಠಡಿ ಕಾಯುತ್ತಿದ್ದ ಮೇಡಂ ಹತ್ತಿರ ಬಂದರು. ಬೇರೆಯವರ ಪತ್ರಿಕೆ ನೋಡಿ, ಬಗ್ಗಿ ಪಿಸುಗುಟ್ಟಿದರು: "ಬಸ್ಸಿಗೆ ಕಾಯ್ತಿರೋ ಜನ ಕಣಮ್ಮ. ಒಬ್ಬ ಮುದುಕ ನಿಂತಲ್ಲೇ ತೂಕಡಿಸ್ತಿದ್ದಾನೆ."

ಬಾಗಿಲಲ್ಲಿದ್ದ ಮೇಲ್ವಿಚಾರಕರ ಕಿವಿಗೆ ಅದು ಬಿತ್ತು. "ಉತ್ತರ ಹೇಳ್ಕೊಡ್ತೀರಾ? ಏಳಮ್ಮ, ನಿನ್ನ ಪರೀಕ್ಷೆ ರದ್ದು."

"ಉತ್ತರ ಅಲ್ಲ ಸಾರ್, ಪ್ರಶ್ನೆ ಹೇಳಿದ್ದು!" ಮೇಡಂ ಅಂಗಲಾಚಿದರೂ ಅವರು ಕೇಳಲಿಲ್ಲ.

ಹೊರಗೆ ಬಂದು ಮೇಡಂ ಬಿಕ್ಕಿದರು. "ನನ್ನಿಂದ ನಿನ್ನ ಸೀಟು ಹೋಯ್ತಲ್ಲಮ್ಮ."

ಹುಡುಗಿ ತಡಕಿ ಅವರ ಕೈ ಹಿಡಿದಳು.

"ಅಳಬೇಡಿ ಅಕ್ಕಾ. ಕೇಳ್ದಾಗ ಹತ್ರ ಬಂದಿದ್ದು ನೀವೊಬ್ರೇ."