ಅಣ್ಣನ ವಿಷಯ ಬೇಡವೆಂದರು

ನಮ್ಮ ಬಂದೂಕು ರಿಪೇರಿ ಅಂಗಡಿಯಲ್ಲಿ ಅಪ್ಪ ಹಾಕಿಕೊಟ್ಟ ಪದ್ಧತಿಯೊಂದಿದೆ. ಬಂದೂಕು ಕೈ ಬದಲಾಗುವಾಗ ಕೊಡುವವರು ಅದನ್ನು ತೆರೆದು ತೋರಿಸಬೇಕು. ತೆಗೆದುಕೊಳ್ಳುವವರು ಗುಂಡು ಕೂರುವ ಜಾಗಕ್ಕೆ ಕಿರುಬೆರಳು ಹಾಕಿ, "ಖಾಲಿ" ಎಂದು ಬಾಯಿಬಿಟ್ಟು ಹೇಳಬೇಕು. ಗಿರಾಕಿಗಳ ಬಂದೂಕಿಗೆಲ್ಲ ತಪ್ಪದೆ ಹಾಗೆ ಮಾಡುತ್ತಿದ್ದ ಅಣ್ಣ, ತನ್ನದನ್ನು ಒರೆಸಲು ಕೂತಾಗ ಮಾಡಲಿಲ್ಲ. ತನ್ನದೇ ಅಲ್ಲವೇ, ಕೊಡುವವರು ಯಾರು, ತೆಗೆದುಕೊಳ್ಳುವವರು ಯಾರು? ಒಳಗೆ ಉಳಿದಿದ್ದ ಗುಂಡು ಹಾರಿ ಸತ್ತ.

ಈಗ ಅಂಗಡಿ ನನ್ನದು. ಮಹಡಿಯ ಮನೆಯಲ್ಲಿ ನಾನು, ಅತ್ತಿಗೆ ಇಬ್ಬರೇ.

ಸಾಮಾನ್ಯ ಜನ ಮನೆಯಲ್ಲಿ ಬಂದೂಕು ಇಟ್ಟುಕೊಳ್ಳುವುದನ್ನೇ ನಿಲ್ಲಿಸಬೇಕೆಂದು ಹಲವು ದೇಶದವರು ಸೇರಿ ಒಪ್ಪಂದವೊಂದರ ಕರಡು ಬರೆಯುತ್ತಿದ್ದರು. ಅದನ್ನು ವಿರೋಧಿಸುವ ಅಂತರರಾಷ್ಟ್ರೀಯ ಒಕ್ಕೂಟದ ಪರವಾಗಿ ಮಾತಾಡಲು, ಅದೇಕೋ, ನನ್ನನ್ನು ಆರಿಸಿದ್ದರು. ಕಂಪ್ಯೂಟರಿನ ಮುಂದೆ ಕೂತು ಮೂರು ನಿಮಿಷ. ಹಿಂದಿನ ದಿನ ಒಕ್ಕೂಟದ ಕಾರ್ಯದರ್ಶಿ ಫೋನ್ ಮಾಡಿದರು.

"ಮೇಡಂ, ಅಣ್ಣನ ವಿಷಯ ಬೇಡ. ಲೈಸೆನ್ಸ್ ಇದ್ದೋರ ಮನೇಲಿ ಅನಾಹುತ ಆಗೋದೇ ಇಲ್ಲ ಅಂದ್ಬಿಡಿ. ನಾವೇ ಎದುರಾಳಿ ಕೈಗೆ ದೊಣ್ಣೆ ಕೊಡ್ಬೇಕಾ?"

ಬಟ್ಟೆ ಮಡಚುತ್ತಿದ್ದ ಅತ್ತಿಗೆಗೆ ಕೇಳಿಸಿತು.

"ಒಂದ್ಸಲ ಮಣ್ಣು ಮಾಡಿದ್ದು ಸಾಲ್ದಂತಾ ಅವರಿಗೆ?"

"ನಾನು ಹಾಗೆ ಹೇಳಲ್ಲ ಅತ್ತಿಗೆ."

"ಹೇಳ್ದಿದ್ರೆ ಒಪ್ಪಂದ ಪಾಸಾಗಿ ಅಂಗಡಿ ಹೋಗತ್ತೆ. ಹೇಳಿದ್ರೆ ನನ್ನ ಮುಖ ನೋಡೋಕಾಗಲ್ಲ. ಎರಡು ದೋಣಿ ಮೇಲೆ ಕಾಲಿಡ್ಬೇಡ ಕಣೆ, ನಿಂಗೆ ಈಜೂ ಬರಲ್ಲ."

ಮರುದಿನ ಕಂಪ್ಯೂಟರಿನ ಮುಂದೆ ಕೂತೆ. ಅತ್ತಿಗೆ ಬಾಗಿಲಲ್ಲಿ ನಿಂತಿದ್ದರು.

"ನಮ್ಮಣ್ಣ ಬಂದೂಕಿಂದಲೇ ಸತ್ತ," ಎಂದೆ. "ಆದರೂ ಬಂದೂಕಿನ ಹಕ್ಕು ಬೇಕು ಅಂತ ಕೇಳೋಕೆ ಬಂದಿದೀನಿ. ಊರಾಚೆ ಒಂಟಿಯಾಗಿರೋ ಹೆಂಗಸರು ನನ್ನ ಗಿರಾಕಿಗಳು. ಕೂಗಿದ್ರೆ ಕೇಳಿಸೋಷ್ಟು ಹತ್ತಿರ ಯಾರೂ ಇಲ್ಲ. ಅವರಿಗೆ ಕಲಿಸಿ, ಪರೀಕ್ಷೆ ಮಾಡಿ, ವರ್ಷ ವರ್ಷ ಮತ್ತೆ ಕಲಿಸಿ. ಕಿತ್ಕೋಬೇಡಿ. ಅವರು ಕದ್ದುಮುಚ್ಚಿ ಇಟ್ಕೊಂಡ್ರೆ ಕಲಿಸೋರೂ ಇರಲ್ಲ."

ಸರಿಯಾಗಿ ಹೇಳಿದೆನೋ ಇಲ್ಲವೋ ತಿಳಿಯಲಿಲ್ಲ. ಪರದೆಯ ಮೇಲಿದ್ದ ಕರಡು ಬರೆಯುವವರು ತಲೆ ತಗ್ಗಿಸಿ ಬರೆದುಕೊಂಡರು. ನನ್ನ ಸರದಿ ಮುಗಿದದ್ದೇ ಕಾರ್ಯದರ್ಶಿಯ ಫೋನ್ ಬಂತು.

"ಕೆಲಸ ಕೆಡಿಸಿದ್ರಿ. ವಿದೇಶದಲ್ಲಿ ನಡೆಯೋ ಮುಂದಿನ ಸಭೆಗೆ ಬೇರೆಯವರನ್ನ ಕಳಿಸ್ತೀವಿ."

"ಕಳಿಸಿ. ನಾನೂ ಬರ್ತೀನಿ. ಸಾರ್ವಜನಿಕರಿಗೂ ಮಾತಾಡೋಕೆ ಬಿಡ್ತಾರಲ್ಲ."

ಫೋನ್ ಇಟ್ಟೆ. ಅತ್ತಿಗೆ ಒಳಗೆ ಬಂದು ಕೂತರು.

"ಸಾರ್ವಜನಿಕರು ಅಂದ್ರೆ ನಾನೂ ತಾನೆ?"

"ಹೌದು."

"ಹಾಗಾದ್ರೆ ಬಂದೂಕು ಬೇಡ ಅನ್ನೋರ ಸಾಲಲ್ಲಿ ಕೂತ್ಕೋತೀನಿ. ನೀನು ಹೇಳಿದ್ದಕ್ಕೆಲ್ಲ ತಕರಾರು ತೆಗೀತೀನಿ."

"ತೆಗೀರಿ. ನಾನು ಉತ್ತರ ಕೊಡ್ತೀನಿ."

"ಕೊಡ್ತೀಯ, ಗೊತ್ತು. ನಿಮ್ಮಪ್ಪನ ಮೊಂಡುತನ." ಕಂಪ್ಯೂಟರನ್ನು ತಮ್ಮ ಕಡೆ ತಿರುಗಿಸಿಕೊಂಡರು. "ವಿಮಾನದ ಟಿಕೆಟ್ ಎಲ್ಲಿ ತೋರಿಸತ್ತೆ ಇದ್ರಲ್ಲಿ? ಕಿಟಕಿ ಪಕ್ಕದ್ದು ನಂಗೆ."