ದೀಪದ ಹುಳ ಒರೆಸಿದ ಡಿಸ್ಕ್

ಏಳು ಸುತ್ತಿನ ಕೋಟೆಯಲ್ಲಿ ಕೂಡಿಹಾಕಿದ ರಾಜಕುಮಾರಿಗೂ ಅಜ್ಜಿ ತನ್ನ ಕಥೆಯಲ್ಲಿ ಒಂದು ಕಿಂಡಿ ಬಿಟ್ಟಿರುತ್ತಿದ್ದಳು. ನನ್ನ ತಪಾಸಣೆ ಕೋಣೆಗೆ ಅದೂ ಇಲ್ಲ. ಹೊರಗಿನ ಬೆಳಕು ಬಿದ್ದರೆ ಪರದೆಯ ಬಣ್ಣ ಸರಿಯಾಗಿ ಕಾಣುವುದಿಲ್ಲವಂತೆ. ಕಪ್ಪು ಗೋಡೆ, ಒಂದು ಕುರ್ಚಿ, ಒಂದು ಟಿವಿ, ವಾರದಿಂದ ಅದೇ ಹಳೆಯ ಕ್ಯಾಂಟನೀಸ್ ಸಿನಿಮಾ. ಡಿಸ್ಕಾಗಿ ಜನರ ಮನೆಗೆ ಹೋಗುವ ಮುಂಚೆ ಅದರ ಚಿತ್ರ, ಧ್ವನಿ, ಸಬ್‌ಟೈಟಲ್ ಎಲ್ಲ ಸರಿಯಿದೆ ಎಂದು ನಾನು ಹೇಳಬೇಕು.

ನಮ್ಮಲ್ಲೊಂದು ಕಟ್ಟಳೆ: ತಪ್ಪು ಹಿಡಿದವರೇ, ತಿದ್ದಿ ಬಂದ ಡಿಸ್ಕನ್ನು ಮತ್ತೆ ಮೊದಲಿಂದ ನೋಡಬೇಕು. ಹಾಗಾಗಿ ಇಲ್ಲಿ ಯಾರ ಕಣ್ಣಿಗೂ ತಪ್ಪು ಬೀಳುವುದಿಲ್ಲ.

"ಆಯ್ತಾ?" ಸೂಪರ್‌ವೈಸರ್ ಬಾಗಿಲಲ್ಲಿ ತಲೆ ತೂರಿಸಿದರು. ಯಾವಾಗಲೂ ಇದೊಂದೇ ಮಾತಾದ್ದರಿಂದ ಬೆನ್ನ ಹಿಂದೆ ಅವರಿಗೆ ಆಯ್ತಪ್ಪ ಎಂದೇ ಹೆಸರು. "ಇದೊಂದು ಪಾಸ್ ಮಾಡಿಬಿಡು ತಾಯಿ. ಸೋಮವಾರದಿಂದ ಮೇಲಿನ ಎಡಿಟಿಂಗ್ ರೂಮು ನಿಂದೇ. ದೊಡ್ಡ ಕಿಟಕಿ ಇದೆ, ಕನಸು ಕಾಣ್ತಾ ಕೂತ್ಕೋ."

"ಸಾರ್, ಒಂಚೂರು ಇಲ್ಲಿ ನೋಡಿ."

ಪರದೆಯ ಮೇಲೆ ಸಾಯುತ್ತಿರುವ ಮುದುಕಿ ದೀಪದ ಕಡೆ ಕೈಯೆತ್ತಿ ಮೊಮ್ಮಗಳಿಗೆ ಏನೋ ಹೇಳುತ್ತಾಳೆ. 'ಎಷ್ಟೊಂದು ಬಂದಿವೆ ನೋಡು' ಎಂದು ಕೆಳಗೆ ಸಾಲು ಮೂಡುತ್ತದೆ. ದೀಪದ ಸುತ್ತ ಮಾತ್ರ ಏನೂ ಇಲ್ಲ.

"ಹಳೇ ಪ್ರಿಂಟಲ್ಲಿ ಇಲ್ಲಿ ದೀಪದ ಹುಳ ಹಾರ್ತಿದ್ವು. ಕ್ಲೀನ್ ಮಾಡೋ ಮೆಷಿನ್ನು ಧೂಳು ಅಂದ್ಕೊಂಡು ಒರೆಸಿಬಿಟ್ಟಿದೆ."

"ಒಳ್ಳೇದೇ ಆಯ್ತಲ್ಲ! ಜನ ದುಡ್ಡು ಕೊಟ್ಟು ಹುಳ ಹೊಡೆಸ್ತಾರೆ."

ನನಗೂ ನಗು ಬಂತು. ಆದರೆ ಆ ಹುಡುಗಿ ಬರಿಗಾಳಿ ನೋಡಿ ಕಣ್ಣರಳಿಸುತ್ತಿದ್ದಳು.

"ನೋಡಿದವರು ಅಜ್ಜಿಗೆ ಅರಳುಮರಳು ಅಂದ್ಕೋತಾರೆ ಸಾರ್. ಪಾಸ್ ಮಾಡಲ್ಲ."

"ನಿನ್ನ ಹಣೆಬರಹ," ಎಂದು ಬಾಗಿಲು ಎಳೆದುಕೊಂಡು ಹೋದರು.

ತಿದ್ದಿದ ಡಿಸ್ಕ್ ಶುಕ್ರವಾರ ಬಂತು. ಹುಳಗಳೆಲ್ಲ ವಾಪಸು ಬಂದು ದೀಪಕ್ಕೆ ಮುತ್ತಿದ್ದವು. ಕುಣಿಯುವಷ್ಟು ಖುಷಿಯಾಯಿತು. ಅಷ್ಟರಲ್ಲಿ ಮುದುಕಿಯ ತುಟಿ ಮುಚ್ಚಿತು. ಅವಳ ಮಾತು ಕೂದಲೆಳೆಯಷ್ಟು ತಡವಾಗಿ ನಿಂತಿತು. ಆ ಭಾಷೆಯ ಒಂದಕ್ಷರ ನನಗೆ ಬಾರದು. ಆದರೆ ನೋಡಿ ನೋಡಿ, ಅವಳು ಉಸಿರೆಳೆಯುವ ಜಾಗವೂ ಬಾಯಿಪಾಠವಾಗಿದೆ. ಬೇರೆ ಯಾರಿಗೂ ಇದು ಗೊತ್ತಾಗುವುದೇ ಇಲ್ಲ.

"ಆಯ್ತಾ? ಹೂಂ ಅನ್ನು ಸಾಕು. ಇವತ್ತಾಗ್ಲಿಲ್ಲ ಅಂದ್ರೆ ಮೇಲಿನ ರೂಮಿನ ಕುರ್ಚಿ ಇನ್ನೊಬ್ಬರಿಗೆ."

ಹೂಂಗುಟ್ಟುತ್ತಲೇ ಬೆಳೆದವಳು ನಾನು. ಅಜ್ಜಿ ತೂಕಡಿಸಿ ಕಥೆಯ ಎಳೆ ತಪ್ಪಿಸಿದಾಗ ಮಾತ್ರ ನನ್ನ ಹೂಂ ಗಂಟಲಲ್ಲೇ ನಿಲ್ಲುತ್ತಿತ್ತು. ಈಗಲೂ ಬಾಯಿ ತೆರೆದೆ, ಬರಲಿಲ್ಲ.

"ಧ್ವನಿ ಹಿಂದೆ ಬೀಳ್ತಿದೆ ಸಾರ್."

ಅವರ ಬೂಟಿನ ಸದ್ದು ಮೆಟ್ಟಿಲು ಹತ್ತಿತು. ಸ್ವಲ್ಪ ಹೊತ್ತಿಗೆ ನನ್ನ ತಲೆಯ ಮೇಲೆ ಯಾರೋ ಕುರ್ಚಿ ಎಳೆದುಕೊಂಡರು.