ಪಾಲಪ್ಪ ಅನುಮೋದಿಸಿದ ಠರಾವು

ಪುರವರದ ಪಾಲಪ್ಪನ ಮನೆಯಲ್ಲಿ ಸಂಜೆ ಮುದ್ದೆ ಮುರಿಯುವ ಮೊದಲು ಮಗಳು ಆಂಜಿನಮ್ಮ ಪಾಠ ಒಪ್ಪಿಸಬೇಕು. ಪಾಲಪ್ಪನಿಗೆ ಅಕ್ಷರ ಬಾರದು. ಅವಳು ತಪ್ಪು ಹೇಳಿದರೂ ತಲೆದೂಗುತ್ತಿದ್ದ. ಸಾರು ಆರಿಹೋಗುತ್ತದೆಂದು ತಾಯಿ ಕದರಮ್ಮ ಗೊಣಗುತ್ತಿದ್ದಳು. ಆದರೂ ಬೆಳಿಗ್ಗೆ ಜಡೆ ಹೆಣೆದು ಮಗಳನ್ನು ಹೆಣ್ಣುಮಕ್ಕಳ ಪಾಠಶಾಲೆಗೆ ಅಟ್ಟುವವಳು ಅವಳೇ.

ಊರಿಗೂ ಒಂದು ರೂಢಿಯಿತ್ತು. ಗುರುವಾರ ಬರುವ ವಾರಪತ್ರಿಕೆಯನ್ನು ಅಂಗಡಿ ನಾಗಲಿಂಗಯ್ಯನವರು ಚಾವಡಿಯಲ್ಲಿ ಓದುವುದು, ಊರು ಕೇಳುವುದು, ಕೇಳಿದ್ದನ್ನು ನಂಬುವುದು. ಕೈಬರಹ ಸುಳ್ಳಾದೀತು, ಅಚ್ಚಾದದ್ದು ಸುಳ್ಳಾಗದು ಎಂದು ಹಿರಿಯರು ಹೇಳುತ್ತಿದ್ದರು. ಊರ ಸುದ್ದಿಯನ್ನು ಬರೆದು ಕಳಿಸುವವರೂ ನಾಗಲಿಂಗಯ್ಯನವರೇ ಎಂಬುದು ಯಾರಿಗೂ ವಿಚಿತ್ರವಾಗಿ ಕಂಡಿರಲಿಲ್ಲ.

ಒಂದು ಗುರುವಾರ ಅವರು ಓದಿದರು: ಸೋಮವಾರ ಪುರವರದಲ್ಲಿ ಮಹಾಸಭೆ ಸೇರಿ, ಹೆಣ್ಣುಮಕ್ಕಳ ಪಾಠಶಾಲೆ ಅನಾವಶ್ಯಕವೆಂದು ಸರ್ವಾನುಮತದಿಂದ ಠರಾವು ಮಾಡಿತು, ಶ್ರೀಮಾನ್ ಪಾಲಪ್ಪನವರು ಅನುಮೋದಿಸಿದರು.

ಪಾಲಪ್ಪನಿಗೆ ಮೊದಲು ಹಿಗ್ಗಾಯಿತು. ಅವನನ್ನು ಶ್ರೀಮಾನ್ ಎಂದವರು ಅದುವರೆಗೆ ಯಾರೂ ಇರಲಿಲ್ಲ. ಅನುಮೋದಿಸುವುದು ಎಂದರೆ ಏನೆಂದು ಮನೆಗೆ ಬಂದು ಮಗಳನ್ನು ಕೇಳಿದ ಮೇಲೆ ಹಿಗ್ಗು ಇಳಿಯಿತು.

ಸೋಮವಾರ ಅವನು ತೋವಿನಕೆರೆಯಲ್ಲಿ ಭಾವನ ಮನೆಯಲ್ಲಿದ್ದ. ಅಲ್ಲಿದ್ದವನು ಇಲ್ಲಿ ಹೇಗೆ ಒಪ್ಪಿದ? ನೆರೆಮನೆಯ ಬೊಮ್ಮಪ್ಪನನ್ನು ಕೇಳಿದ. ಬೊಮ್ಮಪ್ಪ ಗಲ್ಲ ಕೆರೆದುಕೊಂಡು ಹೇಳಿದ: "ನೀನೂ ಇದ್ದೆ ಕಣ್ಲಾ. ಚಾವಡಿ ಕಂಬದ ತಾವ ನಿಂತಿದ್ದೆ. ನಾನೇ ನೋಡಿದ್ನಲ್ಲ."

ಎದುರುಮನೆಯ ಚಿಕ್ಕರಂಗಯ್ಯನನ್ನು ಕೇಳಿದರೆ, ತಾನೊಬ್ಬ ಹೋಗಿರಲಿಲ್ಲ, ಮಿಕ್ಕವರೆಲ್ಲ ಹೋಗಿರಬೇಕು ಎಂದ. ಇನ್ನೂ ನಾಲ್ವರು ಅದನ್ನೇ ಹೇಳಿದರು. ಭೂಮಿ ತಿರುಗುತ್ತದೆ ಎಂದು ಮಗಳು ಪಾಠ ಒಪ್ಪಿಸಿದ ದಿನವೂ ಪಾಲಪ್ಪನಿಗೆ ತಲೆ ಇಷ್ಟು ತಿರುಗಿರಲಿಲ್ಲ.

"ಮಗಳ ಬಾಯಿಗೆ ಮಣ್ಣಾಕಿ ಬಂದ್ಬುಟ್ಟು, ಈಗ ಗೊತ್ತಿಲ್ಲ ಅಂತೀಯ?" ಎಂದಳು ಕದರಮ್ಮ. ಆಂಜಿನಮ್ಮ ಪುಸ್ತಕವನ್ನು ಗೂಡಿನಲ್ಲಿಟ್ಟು, ಪಾಠ ಒಪ್ಪಿಸದೆ ಉಂಡು ಮಲಗಿದಳು. ಪಾಲಪ್ಪನಿಗೆ ಎಲ್ಲಿಯೋ ಯಾವಾಗಲೋ ತಲೆ ಆಡಿಸಿಬಿಟ್ಟೆನೇನೋ ಎಂದು ತನ್ನ ಮೇಲೆಯೇ ಗುಮಾನಿ ಹುಟ್ಟಿತು.

ಮೂರು ದಿನ ತಡೆದು ನಾಗಲಿಂಗಯ್ಯನವರ ಅಂಗಡಿಗೆ ಹೋದ. ಅವರು ಬೆಲ್ಲ ತೂಗುತ್ತಿದ್ದರು. ತೂಕದಲ್ಲಿ ಗುಲಗಂಜಿಯಷ್ಟೂ ಮೋಸ ಮಾಡದ ಮನುಷ್ಯ. ಕೆಟ್ಟವರಲ್ಲ, ಕಷ್ಟವಿದ್ದದ್ದೇ ಅಲ್ಲಿ.

"ಸಭೆ ನಡೀತಾ, ಅಯ್ನೋರೆ?"

ನಡೆಯಲಿಲ್ಲ, ಸಭೆ ಕರೆದಿದ್ದ ಪಟೇಲರಿಗೆ ಜ್ವರ ಬಂತು ಎಂದರು ಅವರು, ತಕ್ಕಡಿಯಿಂದ ಕಣ್ಣು ತೆಗೆಯದೆ. ಟಪಾಲು ಹೋಗುವುದು ಭಾನುವಾರ. ಸೋಮವಾರದ ಸಭೆಗೆ ಕಾದರೆ ಸುದ್ದಿ ಹಳಸುತ್ತದೆಂದು ಹತ್ತು ವರ್ಷದಿಂದ ಅವರು ಮುಂಚೆಯೇ ಬರೆದು ಕಳಿಸುತ್ತಿದ್ದರು. ಪತ್ರಿಕೆಯವರೂ ಒಮ್ಮೆಯೂ ವಿಚಾರಿಸಿರಲಿಲ್ಲ.

"ಪಟೇಲರು ಬ್ಯಾಡ ಅಂದ್ರೆ ಊರೂ ಬ್ಯಾಡ ಅಂತದೆ, ಇದು ಗೊತ್ತಿರೋದೇ. ಮಗಳನ್ನ ಓದಿಸೋ ನಿನ್ನ ಹೆಸರಿದ್ರೆ ತೂಕ ಇರ್ತದೆ ಅಂತ ಅವರೇ ಹೇಳಿದ್ರು."

ತಪ್ಪೆಂದು ಇನ್ನೊಮ್ಮೆ ಅಚ್ಚು ಹಾಕಿಸಬೇಕೆಂದು ಪಾಲಪ್ಪ ಬೇಡಿಕೊಂಡ.

"ಅಂಗೆ ಹಾಕಿಸಿದ್ರೆ ನಾಳೆ ಪತ್ರಿಕೇನ ಯಾರು ನಂಬ್ತಾರೆ?" ಎಂದರು ನಾಗಲಿಂಗಯ್ಯನವರು, ನಿಜವಾದ ಕಳವಳದಿಂದ.

ಮುಂದಿನ ವಾರ ತಾಲ್ಲೂಕಿನ ಅಮಲ್ದಾರರು ಬಂದರು. ಶಾಲೆ ಇರಬೇಕೋ ಮುಚ್ಚಬೇಕೋ ಎಂದು ಸರ್ಕಾರ ಪ್ರಜೆಗಳ ಅಭಿಪ್ರಾಯ ಕೇಳಿತ್ತು. ಅವರ ಕೈಯಲ್ಲಿ ಅದೇ ಪತ್ರಿಕೆ. ಸರ್ವಾನುಮತವಾಗಿರುವಾಗ ಮತ್ತೆ ಕೇಳುವುದೇನಿದೆ, ತಾವು ರುಜು ಹಾಕಿದರೆ ಸಾಕು ಎಂದು ಲೇಖನಿ ತೆಗೆದರು. ಪಟೇಲರು ತಲೆದೂಗಿದರು. ಚಾವಡಿ ತುಂಬ ಜನ. ಒಬ್ಬೊಬ್ಬರೂ ಉಳಿದವರೆಲ್ಲ ಒಪ್ಪಿದ್ದಾರೆಂದುಕೊಂಡು ನೆಲ ನೋಡುತ್ತಿದ್ದರು. ಇಷ್ಟು ಜನ ಸೇರಿಯೂ ಅಲ್ಲಿ ಸಭೆ ಎಂಬುದಿರಲಿಲ್ಲ.

ಪಾಲಪ್ಪ ಎದ್ದು ನಿಂತ.

"ಸ್ವಾಮಿ, ಆ ಸಭೆ ನಡೀಲೇ ಇಲ್ಲ. ಆ ಕಾಗದದಾಗಿರೋ ಪಾಲಪ್ಪ ಯಾರೋ ನಂಗೊತ್ತಿಲ್ಲ. ಈ ಪಾಲಪ್ಪನ್ನ ಯಾರೂ ಕೇಳಿಲ್ಲ. ಈಗ ಕೇಳಿ."

ಅಮಲ್ದಾರರು ಪತ್ರಿಕೆಯನ್ನೊಮ್ಮೆ, ಅವನನ್ನೊಮ್ಮೆ ನೋಡಿ, ಲೇಖನಿಯನ್ನು ಕೆಳಗಿಟ್ಟು ಕೇಳಿದರು.

"ನನ್ ಮಗಳು ಓದ್ಬೇಕು," ಎಂದ ಪಾಲಪ್ಪ.

ಹಿಂದಿನಿಂದ ಚಿಕ್ಕರಂಗಯ್ಯ ಎದ್ದು, ಆ ದಿನ ತಾನೂ ಇರಲಿಲ್ಲ, ತನ್ನನ್ನೂ ಕೇಳಬೇಕು ಎಂದ. ಆಮೇಲೆ ಇನ್ನೊಬ್ಬ, ಮತ್ತೊಬ್ಬ. ಬೊಮ್ಮಪ್ಪ ಮಾತ್ರ ಚಾವಡಿಯ ಕಂಬವನ್ನೇ ನೋಡುತ್ತ ಬಹಳ ಹೊತ್ತು ಕುಳಿತಿದ್ದ. ಕೊನೆಗೆ ಅವನೂ ಎದ್ದ.

"ಆವತ್ತು ಕಂಬದ ತಾವ ನಾನು ಯಾರನ್ನೂ ನೋಡ್ಲಿಲ್ಲ, ಬುದ್ದಿ," ಎಂದ.